ಮಂಡಿ ಆಪರೇಷನ್ ಆದ ಮೇಲೆ ಅಪ್ಪನನ್ನು ಇನ್ನೊಂದು ವಾರ ಆಸ್ಪತ್ರೆಯಲ್ಲೇ ಇರಿಸಲಾ?

ಬೇಡ. ನಿಮ್ಮ ಅಪ್ಪನ ಹಾಗೆ ನಾನೂ ಮಾಜಿ ಸೈನಿಕ, ಕೊಡಗಿನವನು. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್‌ನಿಂದ ರೆಫರಲ್ ಬರೆಸಿಕೊಂಡು ಹೋಗಿ ಬಲ ಮಂಡಿ ಬದಲಾಯಿಸಿಕೊಂಡೆ. ವರ್ಷಗಟ್ಟಲೆ ಬೆನ್ನ ಮೇಲೆ ಭಾರ ಹೊತ್ತು ಬೆಟ್ಟ ಹತ್ತಿಳಿದ ಮಂಡಿ, ಪೂರ್ತಿ ಸವೆದಿತ್ತು. ಆಪರೇಷನ್ ಚೆನ್ನಾಗೇ ಆಯಿತು. ಮರುದಿನವೇ ವಾಕರ್ ಕೊಟ್ಟು ನಿಲ್ಲಿಸಿದರು.

ಕೆಟ್ಟದ್ದು ಮನೆಗೆ ಬಂದ ಮೇಲೆ, ಒಂದು ದಿಂಬಿನಿಂದ. ಫೌಜಿ ಆದವನು ನೋವು ತಡೆದುಕೊಳ್ಳಬೇಕು ಅನ್ನುವ ಹಟಕ್ಕೆ ನೋವಿನ ಮಾತ್ರೆ ನಿಲ್ಲಿಸಿಬಿಟ್ಟೆ. ರಾತ್ರಿ ನಿದ್ದೆ ಬರಲಿಲ್ಲ. ಮಂಡಿ ಕೆಳಗೆ ದಿಂಬು ಇಟ್ಟರೆ ಹಾಯೆನಿಸಿತು. ಊದಿದ ಮಂಡಿ ಸ್ವಲ್ಪ ಮಡಚಿದ್ದಾಗ ಒಳಗಿನ ಒತ್ತಡ ಕಡಿಮೆಯಾಗುತ್ತದೆ, ಅದಕ್ಕೇ ಆ ಹಾಯಿ. ಆದರೆ ದಿನವೂ ಹಾಗೇ ಮಲಗಿದರೆ ಮಂಡಿಯ ಹಿಂಭಾಗ ಬಿಗಿದುಕೊಂಡು, ತೊಡೆ ಹಿಂದಿನ ಸ್ನಾಯು ಗಿಡ್ಡವಾಗಿ, ಕಾಲು ನೆಟ್ಟಗಾಗುವುದೇ ನಿಂತುಹೋಗುತ್ತದೆ. ನನಗೆ ಆದದ್ದು ಅದೇ, ಜೊತೆಗೆ ಸರಿಯಾಗಿ ಮಡಚಲೂ ಆಗುತ್ತಿರಲಿಲ್ಲ. ಕುಂಟುತ್ತಾ ನಡೆದು ಸೊಂಟ ನೋವೂ ಶುರುವಾಯಿತು. ಮತ್ತೆ ಅಡ್ಮಿಟ್ ಆಗಿ, ಅರಿವಳಿಕೆ ಕೊಟ್ಟು ಕಾಲನ್ನು ಒತ್ತಿ ಬಗ್ಗಿಸಿದರು. ಮಡಚುವುದು ಸರಿಹೋಯಿತು, ಪೂರ್ತಿ ನೇರ ಮಾತ್ರ ಇವತ್ತಿಗೂ ಆಗಿಲ್ಲ.

ದಿಂಬು ಇಡಲೇಬೇಕಾದರೆ ಹಿಮ್ಮಡಿ ಕೆಳಗೆ ಇಡಿ, ಮಂಡಿ ಕೆಳಗೆ ಖಾಲಿ ಇರಲಿ. ಮಂಡಿಯನ್ನು ಹಾಸಿಗೆಗೆ ಒತ್ತಿ, ಐದು ಎಣಿಸುವವರೆಗೆ ಹಿಡಿದು ಬಿಡಿಸಿ. ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಲಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಅದು ಬೇಕು. ಡಾಕ್ಟರ್ ಬರೆದ ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ಕೊಡಿ. "ನನಗೇನೂ ನೋವಿಲ್ಲ" ಅನ್ನುತ್ತಾರೆ, ನಂಬಬೇಡಿ. ನಮ್ಮವರೆಲ್ಲ ಹಾಗೇ ಅನ್ನೋದು.

ಇಸಿಎಚ್‌ಎಸ್ ಇದೆಯಲ್ಲ, ಖರ್ಚಿಲ್ಲ, ಇರಲಿ ಬಿಡಿ ಅನಿಸುವುದು ಸಹಜ. ಆದರೆ ಗಾಯ ಒಣಗುತ್ತಿದ್ದು, ಜ್ವರ ಇಲ್ಲದೆ, ವಾಕರ್ ಹಿಡಿದು ಟಾಯ್ಲೆಟ್‌ಗೆ ಹೋಗಿ ಬರುವಂತಾಗಿ, ಡಾಕ್ಟರೂ ಹೋಗಬಹುದು ಅಂದ ಮೇಲೆ ವಾರ್ಡ್‌ನಲ್ಲಿ ಸುಮ್ನೆ ಮಲಗಿದ್ದು ಏನು ಸಿಗುತ್ತದೆ? ಬೇರೆಯವರ ಸೋಂಕು ಅಂಟುವ ಅಪಾಯ ಅಷ್ಟೇ. ಆಸ್ಪತ್ರೆಯಲ್ಲೇ ಇರಿಸುವ ಹಟವನ್ನು ಫಿಸಿಯೋಥೆರಪಿಗೆ ಇಟ್ಟುಕೊಳ್ಳಿ. ನಿಮ್ಮ ಪಾಲಿಕ್ಲಿನಿಕ್‌ನಲ್ಲಿ ಫಿಸಿಯೋ ಇದ್ದಾರಾ ಅಂತ ಡಿಸ್ಚಾರ್ಜ್‌ಗೆ ಮೊದಲೇ ಕೇಳಿ, ಇಲ್ಲದಿದ್ದರೆ ರೆಫರಲ್ ಕೇಳಿ. ಮನೆಯಲ್ಲಿ ಕೂತು ಏಳುವ ಕಮೋಡ್ ಇರಲಿ, ಕುಕ್ಕರಗಾಲಲ್ಲಿ ಕೂರುವುದು ಬೇಡ. ಮೀನಖಂಡ ಊದಿದರೆ, ಗಾಯ ಸೋರಿದರೆ, ಜ್ವರ ಬಂದರೆ ಅವತ್ತೇ ವಾಪಸ್ ಕರೆದುಕೊಂಡು ಹೋಗಿ. ಎದೆ ನೋವು, ಉಸಿರಾಟದ ತೊಂದರೆ ಅಂದರಂತೂ ಒಂದು ನಿಮಿಷವೂ ಕಾಯಬೇಡಿ.