ಮೊದಲ ಬಾರಿಗೆ ಹಿಮಾಚಲ ಪ್ರದೇಶಕ್ಕೆ ಹೋಗುವವರು ಅಲ್ಲಿನ ಯಾವ ರೀತಿನೀತಿಗಳನ್ನು ತಿಳಿದಿರಬೇಕು?

ದಸರಾ ರಜೆಯಲ್ಲಿ ತಂದೆತಾಯಿಯರನ್ನು ಕರೆದುಕೊಂಡು ಮೊದಲ ಸಲ ಹಿಮಾಚಲಕ್ಕೆ ಹೊರಟಿರುವುದಾಗಿಯೂ, ನೋಡಬೇಕಾದ ಜಾಗಗಳ ಪಟ್ಟಿ ಎಲ್ಲೆಡೆ ಸಿಗುವುದರಿಂದ ಅಲ್ಲಿಯ ಜನರ ಕಟ್ಟುಪಾಡುಗಳನ್ನು ಕುರಿತು ತಿಳಿಯಬೇಕೆಂದೂ ನೀವು ಬರೆದಿದ್ದೀರಿ. ನಾನು ಹಾಸನ ಜಿಲ್ಲೆಯವನು. ಬ್ಯಾಂಕ್ ಕೆಲಸದ ನಿಮಿತ್ತ ಮೂರು ವರ್ಷ ಕುಲ್ಲು ಕಣಿವೆಯಲ್ಲಿದ್ದೆ. ಆದ್ದರಿಂದ ಕುಲ್ಲು, ಮನಾಲಿ ಮತ್ತು ಅದರಾಚೆಯ ಲಾಹೌಲ್ ಸೀಮೆಯ ಬಗ್ಗೆಯೇ ಹೆಚ್ಚಾಗಿ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು, ಕುಲ್ಲುವಿನಲ್ಲಿ ದೇವರು ಗುಡಿಯೊಳಗೇ ಇರುವವನಲ್ಲ ಎಂಬುದು. ಅಲ್ಲಿ ಹೆಚ್ಚುಕಡಿಮೆ ಪ್ರತಿ ಹಳ್ಳಿಗೂ ಒಬ್ಬ ದೇವತೆಯಿದೆ. ಆ ದೇವತೆಗೆ ಸ್ವಂತ ಭೂಮಿಯುಂಟು, ಲೆಕ್ಕಪತ್ರ ನೋಡಿಕೊಳ್ಳುವ ಕಾರದಾರನುಂಟು, ಮೈಮೇಲೆ ಬಂದು ಮಾತನಾಡಲು ಗೂರ್ ಎಂಬ ಪಾತ್ರಿಯುಂಟು, ಡೋಲು ಕಹಳೆಗಳ ವಾದ್ಯದವರುಂಟು. ಲೋಹದ ಮುಖವಾಡಗಳನ್ನು ಕೂರಿಸಿ ಬಣ್ಣದ ಬಟ್ಟೆ ಹೊದಿಸಿದ ಪಲ್ಲಕ್ಕಿಯನ್ನು ಅವರು ರಥ ಎನ್ನುತ್ತಾರೆ. ಹೆಗಲು ಕೊಟ್ಟವರನ್ನು ಆ ರಥವೇ ಅತ್ತಿತ್ತ ಎಳೆದೊಯ್ಯುವುದನ್ನು, ಒಮ್ಮೆ ಬಾಗಿ ಒಮ್ಮೆ ಹಿಂದೆ ಸರಿದು ಕೇಳಿದ್ದಕ್ಕೆ ಉತ್ತರ ಕೊಡುವುದನ್ನು ನೋಡಿದಾಗ ನನಗೆ ನಮ್ಮ ಕಡೆಯ ಅಡ್ಡೆಯ ದೇವರು ನೆನಪಾದವು. ತುಳುನಾಡಿನವರಿಗಾದರೆ ಗೂರ್ ಆವೇಶವನ್ನು ಕಂಡಾಗ ದೈವದ ದರ್ಶನ ನೆನಪಾದೀತು. ಇಂಥ ಮೆರವಣಿಗೆ ರಸ್ತೆಯಲ್ಲಿ ಎದುರಾದರೆ ವಾಹನ ನಿಲ್ಲಿಸಿ, ಬದಿಗೆ ಸರಿದು, ದಾರಿ ಬಿಡಬೇಕು. ರಥವನ್ನು ತಾವಾಗಿ ಮುಟ್ಟಬಾರದು. ಹತ್ತಿರ ಹೋಗುವುದಿದ್ದರೆ ಪಾದರಕ್ಷೆಯ ಜೊತೆಗೆ ಚರ್ಮದ ಬೆಲ್ಟನ್ನೂ ತೆಗೆದಿಡುವುದು ಒಳ್ಳೆಯದು. ಫೋಟೊ ತೆಗೆಯುವ ಮುನ್ನ ಅನುಮತಿ ಕೇಳಿ. ಕೇಳಿದವರಿಗೆ ಅವರು ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ.

ದೇವತೆಗಳ ಮಾತಿಗೆ ಅಲ್ಲಿ ಎಷ್ಟು ತೂಕವಿದೆ ಎಂಬುದಕ್ಕೆ ಒಂದು ನಿದರ್ಶನ ಸಾಕು. ಮನಾಲಿಯ ಬಳಿ ವಿದೇಶಿ ಬಂಡವಾಳದ ದೊಡ್ಡ ಸ್ಕೀ ವಿಹಾರಧಾಮವೊಂದನ್ನು ಕಟ್ಟುವ ಯೋಜನೆ ಬಂದಾಗ, 2006ರಲ್ಲಿ ಕುಲ್ಲು ಕಣಿವೆಯ ನಗ್ಗರ ಎಂಬ ಊರಿನಲ್ಲಿ ಜಗತಿ, ಅಂದರೆ ದೇವತೆಗಳ ಸಭೆ, ಸೇರಿತು. ಕಣಿವೆಯ ನಾನಾ ಊರುಗಳಿಂದ ಬಂದ ಗೂರ್‌ಗಳ ಬಾಯಿಂದ ದೇವತೆಗಳು ಆ ಯೋಜನೆ ಬೇಡವೆಂದವು. ಹೊರಗಿನವರಿಗೆ ಇದು ನಂಬಿಕೆಯ ವಿಷಯವಾಗಿ ಮಾತ್ರ ತೋರಬಹುದು, ಆದರೆ ಬೆಟ್ಟ, ಕಾಡು, ನೀರು ಯಾರದೆಂಬ ಪ್ರಶ್ನೆಯನ್ನು ಒಂದು ಜನಪದವು ತನ್ನದೇ ನ್ಯಾಯಸ್ಥಾನದ ಮುಂದಿಟ್ಟ ಘಟನೆಯೆಂದು ನಾನು ಅದನ್ನು ಗೌರವದಿಂದ ಕಾಣುತ್ತೇನೆ.

ಮನಾಲಿಯಲ್ಲಿ ನಿಮ್ಮ ತಂದೆತಾಯಿಯರಿಗೆ ಇನ್ನೊಂದು ಅಚ್ಚರಿ ಕಾದಿದೆ. ನಮ್ಮ ಯಕ್ಷಗಾನದಲ್ಲಿ ರಾಕ್ಷಸಿಯ ಬಣ್ಣ ಹಚ್ಚಿಕೊಂಡು ಬರುವ ಹಿಡಿಂಬೆ ಅಲ್ಲಿ ತಾಯಿ, ದೇವಿ, ರಾಜಮನೆತನಕ್ಕೆ ಅಜ್ಜಿ. ದೇವದಾರು ಮರಗಳ ನಡುವೆ 1553ರಲ್ಲಿ ರಾಜಾ ಬಹಾದ್ದೂರ್ ಸಿಂಗ್ ಕಟ್ಟಿಸಿದ ಅವಳ ಮರದ ಗುಡಿ ಇದೆ. ಸಮೀಪದಲ್ಲೇ ಒಂದು ಮರದ ಬುಡದಲ್ಲಿ ಘಟೋತ್ಕಚನಿಗೂ ಪೂಜೆ ನಡೆಯುತ್ತದೆ. ಅಲ್ಲಿಯ ಜನರೊಡನೆ ಮಾತನಾಡುವಾಗ ಅವಳನ್ನು ರಾಕ್ಷಸಿ ಎನ್ನಬೇಡಿ. ನಮಗೆ ಅದು ಕಥೆಯಾದರೂ ಅವರಿಗೆ ಮನೆಯ ಹಿರಿಯಳ ಮಾತು.

ಚಳಿಗಾಲದಲ್ಲಿ ಹೋಗುವವರಿಗೆ ಬೇರೆಯದೇ ಒಂದು ಕಟ್ಟಳೆ ಎದುರಾಗುತ್ತದೆ. ಮನಾಲಿಯ ಹತ್ತಿರದ ಗೋಶಾಲ್ ಮತ್ತು ಸುತ್ತಲಿನ ಕೆಲವು ಹಳ್ಳಿಗಳಲ್ಲಿ ಮಕರ ಸಂಕ್ರಾಂತಿಯಿಂದ 42 ದಿನ ಸದ್ದು ಮಾಡುವಂತಿಲ್ಲ. ದೇವತೆಗಳು ಸ್ವರ್ಗಕ್ಕೆ ಹೋಗಿರುತ್ತವೆ, ಋಷಿಗಳು ತಪಸ್ಸಿನಲ್ಲಿರುತ್ತಾರೆ ಎಂಬ ನಂಬಿಕೆಯಿಂದ ಟಿವಿಯಿಲ್ಲ, ಹಾಡಿಲ್ಲ, ಹೊಲದ ಕೆಲಸವಿಲ್ಲ, ಗುಡಿಯಲ್ಲಿ ಗಂಟೆಯೂ ಇಲ್ಲ. ಮೊದಲ ವರ್ಷ ಇದನ್ನರಿಯದೆ ಆ ಕಡೆ ಸಾಲದ ವಿಚಾರಣೆಗೆ ಹೋದಾಗ ನನ್ನ ಫೋನು ಜೋರಾಗಿ ಮೊಳಗಿತು. ಅಂಗಳದಲ್ಲಿ ಬಿಸಿಲು ಕಾಯಿಸುತ್ತಿದ್ದ ವೃದ್ಧೆಯೊಬ್ಬರು ಗದರಲಿಲ್ಲ. ತುಟಿಯ ಮೇಲೆ ಬೆರಳಿಟ್ಟು, ಆಮೇಲೆ ಪಕ್ಕದ ಚಾಪೆಯನ್ನು ತೋರಿಸಿ ಕೂರಲು ಹೇಳಿದರು. ಅವರ ಮಗ ಪಿಸುದನಿಯಲ್ಲಿ ಕಾರಣ ವಿವರಿಸಿದ. ನಮ್ಮಲ್ಲಿ ಎಳ್ಳುಬೆಲ್ಲ ಹಂಚಿ ಗದ್ದಲದಿಂದ ಕಳೆಯುವ ಹಬ್ಬದಂದೇ ಅಲ್ಲಿ ಮೌನ ಆರಂಭವಾಗುತ್ತದೆ ಎಂಬುದನ್ನು ನಾನು ಇಂದಿಗೂ ಮರೆತಿಲ್ಲ.

ಪಾರ್ವತಿ ಕಣಿವೆಯ ಮಲಾನಾ ಹಳ್ಳಿಗೆ ಹೋಗುವ ಆಸೆಯಿದ್ದರೆ ಅಲ್ಲಿಯ ಗೋಡೆ, ಗುಡಿ, ಜನರು, ಯಾವುದನ್ನೂ ಹೊರಗಿನವರು ಮುಟ್ಟುವಂತಿಲ್ಲ ಎಂಬುದು ನೆನಪಿರಲಿ. ತಪ್ಪಿದರೆ ದಂಡ ತೆರಬೇಕಾಗುತ್ತದೆ. ಅಂಗಡಿಯಲ್ಲಿ ಹಣವನ್ನು ಕೈಗೆ ಕೊಡದೆ ಕೆಳಗಿಡಬೇಕು. ಮುಟ್ಟುಮೈಲಿಗೆಯ ನೋವನ್ನು ಬಲ್ಲ ನಮ್ಮ ನಾಡಿನವರಿಗೆ ಇದು ಇರಿಸುಮುರಿಸು ಉಂಟುಮಾಡುತ್ತದೆ. ನನಗೂ ಆಯಿತು, ಅದನ್ನು ನಾನು ಸಮರ್ಥಿಸುವುದಿಲ್ಲ. ನಡೆದು ಹತ್ತುವ ದಾರಿಯೂ ಕಡಿದಾದುದರಿಂದ ವಯಸ್ಸಾದವರನ್ನು ಕರೆದೊಯ್ಯದಿರುವುದೇ ಲೇಸು.

ಊಟದ ವಿಷಯದಲ್ಲಿ ನೀವು ನಿಶ್ಚಿಂತೆಯಿಂದಿರಿ. ಉತ್ತರದವರ ಔತಣವೆಂದರೆ ರೊಟ್ಟಿಯೇ ಎಂದುಕೊಂಡು ಹೋದ ನನಗೆ ಮದುವೆ ಮನೆಯ ಧಾಮ್ ಊಟ ಅಕ್ಕರೆಯ ಅಚ್ಚರಿ ತಂದಿತು. ಬೋಟಿಗಳೆಂಬ ಅಡುಗೆಯವರು ತಲೆಮಾರುಗಳಿಂದ ಈ ಅಡುಗೆ ಮಾಡಿಕೊಂಡು ಬಂದವರು. ನೆಲದ ಮೇಲೆ ಸಾಲಾಗಿ ಕೂತವರ ಮುಂದೆ ಎಲೆಗಳನ್ನು ಹೆಣೆದ ಪತ್ತಲ್ ಇಟ್ಟು, ಅನ್ನ ಬಡಿಸಿ, ಮೊಸರಿನಲ್ಲಿ ಬೇಯಿಸಿದ ಕಡಲೆಯ ಮದ್ರಾ, ಬೇಳೆ, ಹುಳಿಯ ಖಟ್ಟಾ ಎಂದು ಒಂದಾದ ಮೇಲೊಂದು ತರುತ್ತಾರೆ. ಪಂಕ್ತಿ ಮುಗಿಯುವ ಮುನ್ನ ಏಳಬಾರದೆಂಬುದು ನಮಗೆ ಹೇಳಿಕೊಡಬೇಕಾದ ಪಾಠವಲ್ಲ. ಗೋಧಿ ಹಿಟ್ಟನ್ನು ಹುದುಗು ಬರಿಸಿ ಹಬೆಯಲ್ಲಿ ಬೇಯಿಸಿದ ಸಿಡ್ಡುವನ್ನು ತುಪ್ಪದೊಡನೆ ಬಿಸಿಬಿಸಿಯಾಗಿಯೇ ತಿನ್ನಿ. ಕಡುಬು ಬಲ್ಲವರಿಗೆ ಅದು ಕೂಡಲೇ ಹಿಡಿಸುತ್ತದೆ.

2020ರಲ್ಲಿ ತೆರೆದ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗದಿಂದ ಆಚೆ ಬಂದರೆ ಹಸಿರು ಕಣಿವೆ ಹಿಂದುಳಿದು ಲಾಹೌಲಿನ ಬೋಳು ಬೆಟ್ಟಗಳು ಎದುರಾಗುತ್ತವೆ. ಅಲ್ಲಿ ಬೌದ್ಧ ಸ್ತೂಪಗಳನ್ನು ಬಲಕ್ಕಿಟ್ಟುಕೊಂಡು ಸುತ್ತಬೇಕು, ಮಂತ್ರ ಕೆತ್ತಿದ ಕಲ್ಲುಗಳ ಮೇಲೆ ಕೂರಬಾರದು. ಸುರಂಗದ ಬಾಯಿಯೇ 3,000 ಮೀಟರಿಗಿಂತ ಎತ್ತರದಲ್ಲಿರುವುದರಿಂದ ನಿಮ್ಮ ತಂದೆತಾಯಿಯರು ನಿಧಾನವಾಗಿ ನಡೆಯಲಿ. ಸುರಂಗದಾಚೆಯ ಸಿಸ್ಸು ಹಳ್ಳಿಯನ್ನು ನೋಡಿಕೊಂಡು ಸಂಜೆಯೊಳಗೆ ಮನಾಲಿಗೆ ಮರಳುವುದು ಅವರ ವಯಸ್ಸಿಗೆ ಹಿತ.

ಇನ್ನು ನಿಮ್ಮ ದಿನಾಂಕದ ವಿಷಯ. ಮೈಸೂರಿನಲ್ಲಿ ಜಂಬೂಸವಾರಿಯೊಡನೆ ದಸರಾ ಮುಗಿಯುವ ವಿಜಯದಶಮಿಯಂದೇ ಕುಲ್ಲುವಿನಲ್ಲಿ ದಸರಾ ಆರಂಭವಾಗಿ ಏಳು ದಿನ ನಡೆಯುತ್ತದೆ. 17ನೆಯ ಶತಮಾನದಲ್ಲಿ ರಾಜಾ ಜಗತ್ ಸಿಂಗನ ಕಾಲದಲ್ಲಿ ಅಯೋಧ್ಯೆಯಿಂದ ತರಿಸಿದ ರಘುನಾಥನಿಗೆ ಗೌರವ ಸಲ್ಲಿಸಲು ನೂರಾರು ದೇವತೆಗಳು ಬೆಟ್ಟ ಇಳಿದು ಢಾಲ್‌ಪುರ ಮೈದಾನಕ್ಕೆ ಬರುತ್ತವೆ. ಹಿಡಿಂಬೆ ಬಾರದೆ ರಘುನಾಥನ ತೇರು ಹೊರಡುವುದಿಲ್ಲ. ಆದ್ದರಿಂದ ನವರಾತ್ರಿಯಲ್ಲಿ ಮೈಸೂರನ್ನು ನೋಡಿಕೊಂಡು ಹೊರಟರೂ ನಿಮಗೆ ಅಲ್ಲಿಯ ದಸರಾ ದಕ್ಕುತ್ತದೆ. ತೇರನ್ನೇ ನೋಡಬೇಕೆಂದಿದ್ದರೆ ಮಾತ್ರ ಕುಲ್ಲುವಿನಲ್ಲಿ ಕೋಣೆಯನ್ನು ಈಗಲೇ ಗೊತ್ತುಮಾಡಿ, ವಿಜಯದಶಮಿಯ ಮಧ್ಯಾಹ್ನದ ಹೊತ್ತಿಗೆ ಮೈದಾನದ ಅಂಚಿನಲ್ಲಿ ಹಿರಿಯರಿಗೆ ಕೂರಲು ಜಾಗ ಹಿಡಿಯಿರಿ.