ರಾಯಚೂರಿನಿಂದ ಬದಿಯಡ್ಕಕ್ಕೆ ವರ್ಗವಾಗಿದೆ. ಇಲ್ಲಿನ ಮಳೆಯಲ್ಲಿ ದಿನಾ ಬೈಕ್ ಓಡಿಸಬಹುದಾ?

ಕಾಸರಗೋಡು ಪೇಟೆಯಲ್ಲಿ ಮನೆ, ಬದಿಯಡ್ಕದಲ್ಲಿ ಕೆಲಸ, ಕೈಯಲ್ಲಿ 125 ಸಿಸಿ ಬೈಕು, ಇದು ಮೊದಲ ಮಳೆಗಾಲ ಎಂದಿದ್ದೀರಿ. ಮಳೆಯಲ್ಲಿ ಮುಂದಿನ ಬ್ರೇಕ್ ಮುಟ್ಟಲೇಬಾರದು ಅಂತಾರೆ, ನಿಜವಾ ಎಂದೂ ಕೇಳಿದ್ದೀರಿ.

ಓಡಿಸಬಹುದು. ಹದಿನಾಲ್ಕು ವರ್ಷದಿಂದ ನಾನು ಅದೇ ದಾರಿಯಲ್ಲಿ, ನಿಮ್ಮ ಎದುರು ದಿಕ್ಕಿಗೆ, ಬದಿಯಡ್ಕದಿಂದ ಚೆರ್ಕಳಕ್ಕಾಗಿ ಕಾಸರಗೋಡಿಗೆ ಹೋಗಿ ಬರುತ್ತಿದ್ದೇನೆ. ಬಿದ್ದದ್ದು ಒಂದೇ ಸಲ. ಅದೂ ಮಳೆ ನಿಂತ ಮೇಲೆ.

ಎಡನೀರಿನ ಹತ್ತಿರ ಒಂದು ತಿರುವು. ಪಕ್ಕದ ತೋಟದಿಂದ ಅಡಿಕೆ ಸೋಗೆ ಬಿದ್ದಿತ್ತು. ಅದರ ಬುಡದ ಹಾಳೆ, ಊಟದ ತಟ್ಟೆ ಮಾಡ್ತಾರಲ್ಲ ಅದೇ, ಒಳಮೈ ಮೇಲಾಗಿ ರಸ್ತೆಗೆ ಚಾಚಿಕೊಂಡಿತ್ತು. ಚಿಕ್ಕಂದಿನಲ್ಲಿ ಹಾಳೆ ಮೇಲೆ ಕೂತು ಅಂಗಳವಿಡೀ ಅಣ್ಣನ ಕೈಲಿ ಎಳೆಸಿಕೊಂಡವನು ನಾನು. ಅದು ಎಷ್ಟು ಜಾರುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಗಾಬರಿಯಲ್ಲಿ, ಬೈಕ್ ವಾಲಿರುವಾಗಲೇ, ಮುಂದಿನ ಚಕ್ರ ಹಾಳೆಯ ಮೇಲಿರುವಾಗಲೇ, ಬ್ರೇಕ್ ಹಿಡಿದೆ. ಮೊಣಕೈ ತರಚಿತು, ಇಂಡಿಕೇಟರ್ ಒಡೆಯಿತು, ಊಟದ ಡಬ್ಬಿ ಚರಂಡಿ ಪಾಲಾಯಿತು.

ಅದಕ್ಕೇ ಹೇಳುವುದು, ಇಲ್ಲಿ ನೀರಿಗಿಂತ ಜಾಸ್ತಿ ನೋಡಬೇಕಾದ್ದು ರಸ್ತೆ ಮೇಲೆ ಏನು ಬಿದ್ದಿದೆ ಎಂಬುದನ್ನು. ಗುಡ್ಡೆ ಕಡಿದು ರಸ್ತೆ ಮಾಡಿದ ಕಡೆ ಮುರಕಲ್ಲಿನ ಕೆಂಪು ಮಣ್ಣು ತೊಳೆದು ಬಂದು ತಿರುವಿನಲ್ಲೇ ನಿಲ್ಲುತ್ತದೆ. ತೆಳ್ಳಗೆ, ಬಣ್ಣ ಬಳಿದ ಹಾಗೆ. ದೂರದಿಂದ ಬರೀ ಒದ್ದೆ ರಸ್ತೆಯಂತೆ ಕಾಣುತ್ತದೆ. ಆಟಿ ತಿಂಗಳು, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಮರದ ನೆರಳಿರುವ ಕಡೆ ಪಾಚಿ ಕಟ್ಟುತ್ತದೆ. ಟೈರು ಉಜ್ಜುವ ಜಾಗದಲ್ಲಿ ಅದು ನಿಲ್ಲುವುದಿಲ್ಲ. ಅಂಚಿನಲ್ಲಿ, ಕಾಂಕ್ರೀಟ್ ಹಾಕಿದ ಒಳದಾರಿಗಳಲ್ಲಿ ಹಸಿರಾಗಿ ಕೂತಿರುತ್ತದೆ. ಎದುರಿನಿಂದ ಬಸ್ ಬಂತೆಂದು ಒಮ್ಮೆಲೇ ಅಂಚಿಗೆ ಎಳೆಯಬೇಡಿ. ಮೊದಲೇ ನಿಧಾನ ಮಾಡಿ. ರಸ್ತೆಯ ಬಿಳಿ ಪಟ್ಟಿಗಳೂ ಒದ್ದೆಯಾದರೆ ಜಾರುತ್ತವೆ. ಇನ್ನು ಜೂನಿನ ಮೊದಲ ಮಳೆಗೆ ಬೇಸಿಗೆಯಿಡೀ ಬಿದ್ದ ಎಣ್ಣೆ, ಧೂಳು ಎಲ್ಲ ಎದ್ದು ಬರುತ್ತದೆ. ಆಗ ಒಂದರ್ಧ ಗಂಟೆ ಅಂಗಡಿ ಜಗಲಿಯಲ್ಲಿ ನಿಂತು ಚಾ ಕುಡಿಯುವುದೇ ಒಳ್ಳೆಯದು.

ಈಗ ಬ್ರೇಕ್. ಮುಂದಿನದನ್ನು ಮುಟ್ಟಬಾರದು ಎನ್ನುವುದು ಸುಳ್ಳು. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬೀಳುತ್ತದೆ. ಹಾಗಾಗಿ ಬೈಕನ್ನು ನಿಲ್ಲಿಸುವ ಶಕ್ತಿ ಹೆಚ್ಚು ಇರುವುದು ಮುಂದಿನ ಚಕ್ರಕ್ಕೇ. ಹಿಂದಿನದನ್ನು ಮಾತ್ರ ಜೋರಾಗಿ ತುಳಿದರೆ ಆ ಚಕ್ರ ಲಾಕ್ ಆಗಿ, ಅಂದರೆ ತಿರುಗುವುದು ನಿಂತು, ಅಡ್ಡ ಹೋಗುತ್ತದೆ. ಎರಡನ್ನೂ ಒಟ್ಟಿಗೆ, ಮೆಲ್ಲಗೆ ಹಿಡಿದು, ಆಮೇಲೆ ಬಿಗಿ ಮಾಡುತ್ತಾ ಬನ್ನಿ. ಬೈಕ್ ನೆಟ್ಟಗಿರುವಾಗಲೇ, ತಿರುವಿಗೆ ಮೊದಲೇ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯವಾದದ್ದು 125 ಸಿಸಿ ಮೀರಿದ ಬೈಕುಗಳಿಗೆ, 2019ರ ಏಪ್ರಿಲಿನಿಂದ. ಅದರ ನಂತರ ಬಂದ ನಿಮ್ಮಂಥ ಬೈಕಿಗೆ ಸಾಮಾನ್ಯವಾಗಿ ಸಿಬಿಎಸ್ ಇರುತ್ತದೆ. ಹಿಂದಿನ ಬ್ರೇಕ್ ತುಳಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ, ಅಷ್ಟೇ. ಚಕ್ರ ಲಾಕ್ ಆಗುವುದನ್ನು ಅದು ತಡೆಯುವುದಿಲ್ಲ. ಡ್ರಮ್ ಬ್ರೇಕ್ ಇದ್ದರೆ ಇನ್ನೊಂದು ವಿಷಯ. ನೀರು ತುಂಬಿದ ಜಾಗ ದಾಟಿದ ಮೇಲೆ ಅದು ಸರಿಯಾಗಿ ಹಿಡಿಯುವುದಿಲ್ಲ. ಹಿಂದೆ ಗಾಡಿ ಇಲ್ಲದಾಗ ಒಂದಷ್ಟು ದೂರ ಹಗುರವಾಗಿ ಒತ್ತಿಕೊಂಡು ಹೋಗಿ, ಬಿಸಿಗೆ ಒಣಗುತ್ತದೆ.

ಹಾಳೆ, ಸೋಗೆ, ಕೆಸರು ತೀರಾ ಹತ್ತಿರ ಬಂದ ಮೇಲೆ ಕಂಡರೆ ಏನೂ ಮಾಡಬೇಡಿ. ಬ್ರೇಕ್ ಬಿಡಿ, ಹ್ಯಾಂಡಲ್ ನೇರ ಇಡಿ, ಆಕ್ಸಿಲೇಟರ್ ತಿರುಚಬೇಡಿ. ದಾಟಿಹೋಗುತ್ತದೆ. ಕೇಳಲು ಸುಲಭ, ಕೈ ಒಪ್ಪಲು ಒಂದು ಮಳೆಗಾಲ ಬೇಕು.

ಟೈರಿನ ಗಾಳಿ ಇಳಿಸಿದರೆ ಗ್ರಿಪ್ ಜಾಸ್ತಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ, ಕೇಳಬೇಡಿ. ಕಂಪನಿ ಹೇಳಿದಷ್ಟೇ ಇರಲಿ. ಟೈರಿನ ಗೀರು ಸವೆದಿದ್ದರೆ ಮೇ ತಿಂಗಳಲ್ಲೇ ಬದಲಿಸಿ, ಆ ದುಡ್ಡು ಉಳಿಸಲು ಹೋಗಬೇಡಿ. ಚೈನಿಗೆ ವಾರಕ್ಕೊಮ್ಮೆ ಎಣ್ಣೆ.

ಮಳೆ ಕೋಟು ಪ್ಯಾಂಟು ಶರ್ಟಿನಂತೆ ಎರಡು ತುಂಡಿನದ್ದು ತೆಗೆದುಕೊಳ್ಳಿ. ಹೊದಿಕೆಯ ಥರದ್ದು ಗಾಳಿಗೆ ಮುಖದ ಮೇಲೆ ಬರುತ್ತದೆ, ಚಕ್ರಕ್ಕೂ ಸಿಕ್ಕಿಕೊಳ್ಳುತ್ತದೆ. ಬಣ್ಣ ಹಳದಿ ಇರಲಿ, ಕಪ್ಪು ಕೋಟು ಕಪ್ಪು ಮಳೆಯಲ್ಲಿ ಯಾರಿಗೂ ಕಾಣುವುದಿಲ್ಲ. ಹಿಂದೆ ಕೂತವರು ಕೊಡೆ ಬಿಡಿಸುವುದು ಇಲ್ಲಿ ಹಳೇ ಅಭ್ಯಾಸ. 2021ರಲ್ಲಿ ಕೇರಳದ ಸಾರಿಗೆ ಇಲಾಖೆ ಅದನ್ನು ನಿಷೇಧಿಸಿತು. ಗಾಳಿ ಬಂದರೆ ಕೊಡೆ ಬೈಕನ್ನೇ ಎಳೆಯುತ್ತದೆ, ಮನೆಯವರಿಗೆ ಹೇಳಿಡಿ.

ಚೆರ್ಕಳದಿಂದ ಪೇಟೆಯವರೆಗೆ ಹೆದ್ದಾರಿಯಲ್ಲಿ ಲಾರಿಯ ಹಿಂದೆ ಅಂಟಿಕೊಂಡು ಹೋಗಬೇಡಿ, ಅದರ ಚಕ್ರ ಎರಚುವ ನೀರಿಗೆ ಕಣ್ಣೇ ಕಾಣುವುದಿಲ್ಲ. ಹೆಲ್ಮೆಟ್ ಗಾಜು ಒಳಗಿಂದ ಮಬ್ಬಾದರೆ ಒಂದು ಬೆರಳಿನಷ್ಟು ಎತ್ತಿಡಿ. ತೋಡು, ಅಂದರೆ ಸಣ್ಣ ಹಳ್ಳ, ಉಕ್ಕಿ ರಸ್ತೆ ಮೇಲೆ ಹರಿಯುತ್ತಿದ್ದರೆ, ಎದುರಿನವನು ದಾಟಿದ ಎಂದು ನೀವೂ ಇಳಿಯಬೇಡಿ. ಅಂಥ ದಿನ ನಾನು ಬೈಕನ್ನು ಬದಿಯಡ್ಕದಲ್ಲೇ ಬಿಟ್ಟು ಬಸ್ಸು ಹತ್ತುತ್ತೇನೆ.