ಲೈನ್‌ಬ್ಯಾಕರ್ ಲ್ಯೂಕ್ ಕೀಕ್ಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಕ್ಯಾರೊಲೈನಾ ಪ್ಯಾಂಥರ್ಸ್ ಪರವಾಗಿ 2012ರಿಂದ 2019ರವರೆಗೆ ಆಡಿ, 28ನೇ ವಯಸ್ಸಿಗೇ ನಿವೃತ್ತರಾದವರು ಲ್ಯೂಕ್ ಕೀಕ್ಲಿ. ಅವರ ಬಗ್ಗೆ, ಅವರು ಆಡುತ್ತಿದ್ದ ಲೈನ್‌ಬ್ಯಾಕರ್ ಸ್ಥಾನದ ಬಗ್ಗೆ ಬಂದ ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಡಲ್ಲಾಸ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಭಾನುವಾರ ಅಳಿಯಂದಿರ ಜೊತೆ ಕೂತು ಟಿ.ವಿ.ಯಲ್ಲಿ ಈ ಆಟ ನೋಡುತ್ತೇನೆ. ಲೈನ್‌ಬ್ಯಾಕರ್ ನಿಲ್ಲುವುದೆಲ್ಲಿ, ಮಾಡುವುದೇನು ಎಂದು ತಿಳಿಯುತ್ತಿಲ್ಲ.

ಉತ್ತರ: ಒಂದೊಂದು ತಂಡದಿಂದ 11 ಜನ ಮೈದಾನದಲ್ಲಿರುತ್ತಾರೆ. ಚೆಂಡು ಇರುವ ತಂಡ ನಾಲ್ಕು ಯತ್ನಗಳಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಯತ್ನ ಸಿಗುತ್ತವೆ. ತಡೆಯುವವರು ಮೂರು ಸಾಲಾಗಿ ನಿಲ್ಲುತ್ತಾರೆ. ಮುಂದಿನ ಸಾಲಿನಲ್ಲಿ ನೆಲಕ್ಕೆ ಕೈಯೂರಿದ ದೈತ್ಯದೇಹಿಗಳು, ಕೊನೆಯ ಸಾಲಿನಲ್ಲಿ ಪಾಸ್ (ಮುಂದಕ್ಕೆ ಎಸೆದ ಚೆಂಡು) ಕಾಯುವ ವೇಗಿಗಳು. ಇವರ ನಡುವೆ, ಚೆಂಡಿನಿಂದ ನಾಲ್ಕೈದು ಗಜ ಹಿಂದೆ ನಿಂತವರೇ ಲೈನ್‌ಬ್ಯಾಕರ್‌ಗಳು. ಎದುರಾಳಿ ಚೆಂಡು ಹಿಡಿದು ಓಡಿದರೆ ಮುಂದೆ ನುಗ್ಗಿ ಕೆಡವಬೇಕು. ಪಾಸ್ ಎಸೆಯುವುದಾದರೆ ಹಿಂದೆ ಸರಿದು ಜಾಗ ಕಾಯಬೇಕು. ಕೋಚ್ ಹೇಳಿದರೆ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೇ ದಾಳಿ ಮಾಡಬೇಕು; ಅದನ್ನು ಬ್ಲಿಟ್ಜ್ ಅನ್ನುತ್ತಾರೆ.

ನಡುವೆ ನಿಲ್ಲುವವನು ಮೈಕ್, ಎದುರಾಳಿಯ ಬಲವಾದ ಮಗ್ಗುಲಲ್ಲಿ ನಿಲ್ಲುವವನು ಸ್ಯಾಮ್, ಇನ್ನೊಂದು ಮಗ್ಗುಲವನು ವಿಲ್. ಇವು ಸ್ಥಾನಗಳ ಅಡ್ಡಹೆಸರುಗಳು. ಕೀಕ್ಲಿ ತಮ್ಮ ಮೊದಲ ಋತುವನ್ನು ವಿಲ್ ಆಗಿ ಶುರು ಮಾಡಿದರು. ಮೈಕ್ ಆಗಿದ್ದ ಜಾನ್ ಬೀಸನ್ ಗಾಯಗೊಂಡಾಗ ಮೈಕ್ ಸ್ಥಾನಕ್ಕೆ ಬಂದವರು ಮತ್ತೆ ಅಲ್ಲಿಂದ ಕದಲಲಿಲ್ಲ. ಆ ವರ್ಷ 164 ಟ್ಯಾಕಲ್ (ಚೆಂಡು ಹಿಡಿದವನನ್ನು ಕೆಡವುವುದು) ಮಾಡಿ ಇಡೀ ಲೀಗ್‌ಗೆ ಮೊದಲಿಗರಾದರು.

ಮುಂದಿನ ಭಾನುವಾರ ಚೆಂಡನ್ನು ಬಿಟ್ಟು ಹೆಲ್ಮೆಟ್‌ಗಳ ಹಿಂಭಾಗ ನೋಡಿ. ತಡೆಯುವ ತಂಡದ ಒಬ್ಬನ ಹೆಲ್ಮೆಟ್ ಮೇಲೆ ಹಸಿರು ಚುಕ್ಕೆ ಇರುತ್ತದೆ. ಅವನ ಕಿವಿಯ ಬಳಿ ರೇಡಿಯೊ ಇದೆ ಎಂದರ್ಥ. 2008ರಿಂದ ಈ ಸೌಲಭ್ಯವಿದೆ, ಹೆಚ್ಚಾಗಿ ಅದು ಮೈಕ್ ಸ್ಥಾನದವನ ಪಾಲು. ಮುಂದಿನ ಆಟ ಶುರುವಾಗಲು ಇರುವ 40 ಸೆಕೆಂಡುಗಳಲ್ಲಿ 15 ಉಳಿದಾಗ ರೇಡಿಯೊ ತಾನಾಗಿ ಕಡಿದುಹೋಗುತ್ತದೆ. ಅಷ್ಟರಲ್ಲಿ ಕೋಚ್ ಹೇಳಿದ್ದನ್ನು ಕೇಳಿ, ಹತ್ತು ಮಂದಿಗೆ ದಾಟಿಸಬೇಕು. ಕಡಿದ ಮೇಲೆ ಎದುರಾಳಿ ಜಾಗ ಬದಲಿಸಿದರೆ ತೀರ್ಮಾನ ಪೂರ್ತಿ ಅವನದೇ.

ಪ್ರಶ್ನೆ: ಎದುರಾಳಿಯ ಮುಂದಿನ ಆಟವನ್ನು ಕೀಕ್ಲಿ ಮೊದಲೇ ಕೂಗಿ ಹೇಳುತ್ತಿದ್ದ ವಿಡಿಯೊ ನೋಡಿದೆ. ಅದು ಊಹೆಯೇ, ವಿದ್ಯೆಯೇ? (ಮೈಸೂರಿನ ಓದುಗರು)

ಉತ್ತರ: ಖಂಡಿತ ವಿದ್ಯೆ. ಮೈಕ್ ಆಗಿ ಅವರ ಹಿರಿಮೆ ಇದ್ದದ್ದೇ ಅಲ್ಲಿ. ಅವರು ದೇಹಬಲದಲ್ಲಿ ಕಡಿಮೆಯೇನಿರಲಿಲ್ಲ. ಆರು ಅಡಿ ಮೂರು ಅಂಗುಲ, ಸುಮಾರು 110 ಕೆ.ಜಿ.; ಡ್ರಾಫ್ಟ್‌ಗೆ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಕ್ರಮ) ಮುಂಚಿನ ಪರೀಕ್ಷೆಯಲ್ಲಿ 40 ಗಜವನ್ನು 4.58 ಸೆಕೆಂಡಿನಲ್ಲಿ ಓಡಿದರು, 102 ಕೆ.ಜಿ. ಭಾರವನ್ನು 27 ಸಲ ಎತ್ತಿದರು. ಆದರೆ ಅಂಥ ಮೈಕಟ್ಟಿನವರು ಪ್ರತಿ ವರ್ಷವೂ ಬರುತ್ತಾರೆ. ಚೆಂಡು ಕದಲುವ ಮುಂಚೆಯೇ ಅರ್ಧ ಉತ್ತರ ತಿಳಿದಿಟ್ಟುಕೊಳ್ಳುವವರು ಅಪರೂಪ.

ಎದುರಾಳಿಯ ಆಟ ಓದುವ ಕ್ರಮ ಹೀಗೆ. ಮೊದಲು ಎಷ್ಟನೇ ಯತ್ನ, ಇನ್ನೆಷ್ಟು ಗಜ ಬೇಕು ಎಂಬ ಲೆಕ್ಕ. ಮೂರನೇ ಯತ್ನದಲ್ಲಿ 8 ಗಜ ಬೇಕಿದ್ದರೆ ಪಾಸ್ ಸಂಭವ ಹೆಚ್ಚು. ಒಂದೇ ಗಜ ಬೇಕಿದ್ದರೆ ಓಟ. ಆಮೇಲೆ ಮೈದಾನಕ್ಕೆ ಬಂದವರು ಯಾರು ಎಂದು ನೋಡಬೇಕು: ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಎಷ್ಟು ಮಂದಿ, ಟೈಟ್ ಎಂಡ್ (ಮುಂದಿನ ಸಾಲಿನ ತುದಿಯಲ್ಲಿ ನಿಂತು ಅಡ್ಡಗಟ್ಟುವ, ಪಾಸ್ ಕೂಡ ಹಿಡಿಯುವವನು) ಎಷ್ಟು ಮಂದಿ. ಮೂರನೆಯದು ನಿಲುವು. ರನ್ನಿಂಗ್ ಬ್ಯಾಕ್ ಮಾಮೂಲಿಗಿಂತ ಒಂದು ಗಜ ಹಿಂದೆ ನಿಂತಿದ್ದಾನೆಯೇ? ಅಂಚಿನಲ್ಲಿ ನಿಂತು ಪಾಸ್ ಹಿಡಿಯುವ ರಿಸೀವರ್ ಒಳಕ್ಕೆ ಸರಿದಿದ್ದಾನೆಯೇ? ಸರಿದಿದ್ದರೆ ಅವನು ಬ್ಲಾಕ್ ಮಾಡಲು (ಮೈಯಿಂದ ಅಡ್ಡಗಟ್ಟಲು) ಬರಬಹುದು, ಇಲ್ಲವೇ ಹೊರಕ್ಕೆ ಓಡಲು ಜಾಗ ಇಟ್ಟುಕೊಂಡಿರಬಹುದು. ಎದುರಾಳಿಯ ಮುಂದಿನ ಸಾಲಿನವನು ನೆಲಕ್ಕೆ ಊರಿದ ಕೈಮೇಲೆ ಭಾರ ಬಿಟ್ಟಿದ್ದರೆ ಮುಂದೆ ನುಗ್ಗುತ್ತಾನೆ. ಬೆರಳು ಹಗುರವಾಗಿ ತಾಗಿದ್ದರೆ ಹಿಂದೆ ಸರಿಯುತ್ತಾನೆ.

ಚೆಂಡು ಕದಲಿದ ಕ್ಷಣ ಕಣ್ಣು ಚೆಂಡಿನ ಮೇಲಿರಬಾರದು. ಎದುರಾಳಿಯ ಮುಂದಿನ ಸಾಲಿನ ಗಾರ್ಡ್ ಎಂಬ ಆಟಗಾರನನ್ನು, ಅವನ ಮೂಲಕ ಹಿಂದಿನ ರನ್ನಿಂಗ್ ಬ್ಯಾಕ್‌ನನ್ನು ನೋಡಬೇಕು. ಗಾರ್ಡ್ ತಲೆ ತಗ್ಗಿಸಿ ಮುಂದೆ ಬಂದರೆ ಓಟ. ತಲೆ ಮೇಲೆತ್ತಿ ಹಿಂದೆ ಕೂತರೆ ಪಾಸ್. ಮಗ್ಗುಲಿಗೆ ತಿರುಗಿ ಓಡಿದರೆ ಚೆಂಡೂ ಬಹುಮಟ್ಟಿಗೆ ಅತ್ತಲೇ ಹೋಗುತ್ತದೆ. ಮೊದಲ ಹೆಜ್ಜೆ ಗೇಣುದ್ದ ಮಾತ್ರ. ಅದಕ್ಕಿಂತ ದೊಡ್ಡದಿಟ್ಟರೆ ತಪ್ಪನ್ನು ತಿದ್ದಿಕೊಳ್ಳಲು ಕಾಲು ಬರುವುದಿಲ್ಲ.

ತಪ್ಪಾಗುವುದು ಸಾಮಾನ್ಯವಾಗಿ ಮೂರು ಕಡೆ. ಕ್ವಾರ್ಟರ್‌ಬ್ಯಾಕ್ ಚೆಂಡು ಕೊಟ್ಟಂತೆ ನಟಿಸಿ ತಾನೇ ಇಟ್ಟುಕೊಳ್ಳುವುದು ಪ್ಲೇ ಆ್ಯಕ್ಷನ್. ಅದನ್ನು ನಂಬಿ ಎರಡು ಹೆಜ್ಜೆ ಮುಂದೆ ಬಂದರೆ ಬೆನ್ನ ಹಿಂದೆ ಹತ್ತು ಹದಿನೈದು ಗಜ ಬಯಲಾಗುತ್ತದೆ, ಪಾಸ್ ಅಲ್ಲೇ ಬೀಳುತ್ತದೆ. ಎರಡನೆಯದು ಅತಿಯಾದ ಆತುರ: ಚೆಂಡಿನವನಿಗಿಂತ ಮುಂದಕ್ಕೆ ಓಡಿಬಿಟ್ಟರೆ ಅವನು ಥಟ್ಟನೆ ಒಳಕ್ಕೆ ತಿರುಗಿ ಹೊರಟುಹೋಗುತ್ತಾನೆ. ಮೂರನೆಯದು ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟದ್ದು. ಬ್ಲಾಕ್ ಮಾಡಲು ಬಂದವನನ್ನು ಎದುರಿಸದೆ ಅವನ ಬೆನ್ನ ಹಿಂದಿನಿಂದ ಸುತ್ತಿ ಹೋಗುವುದು. ಪ್ರತಿ ಲೈನ್‌ಬ್ಯಾಕರ್‌ಗೂ ಕಾಯಲು ಒಂದು ಸಂದು ಕೊಟ್ಟಿರುತ್ತಾರೆ: ಎದುರಾಳಿ ಸಾಲಿನ ನಟ್ಟನಡುವೆ ನಿಲ್ಲುವ ಸೆಂಟರ್ ಮತ್ತು ಗಾರ್ಡ್ ನಡುವಿನದು ಎ, ಅದರ ಹೊರಗಿನದು ಬಿ, ಆಮೇಲೆ ಸಿ. ಸುತ್ತಿ ಹೋದವನ ಸಂದು ಖಾಲಿಯಾಗುತ್ತದೆ. ಹತ್ತು ಸಲದಲ್ಲಿ ಒಂದೆರಡು ಸಲ ಚೆನ್ನಾಗಿ ಕಾಣುವ ಆಟ ಅದು, ಉಳಿದ ಸಲವೆಲ್ಲ ತಂಡಕ್ಕೆ ನಷ್ಟ.

ವಾರದ ಅಭ್ಯಾಸವೂ ಈ ಓದಿಗೇ ಹೊಂದಿಕೊಂಡಿರುತ್ತದೆ. ಭಾನುವಾರ ಪಂದ್ಯವಾದರೆ ಸೋಮವಾರ ಅದರ ವಿಡಿಯೊ, ಮಂಗಳವಾರ ರಜೆ. ಬುಧವಾರ ಒಂದು ಮತ್ತು ಎರಡನೇ ಯತ್ನಗಳ ಆಟಗಳು, ಗುರುವಾರ ಮೂರನೇ ಯತ್ನದವು, ಶುಕ್ರವಾರ ಗೋಲ್ ಗೆರೆಗೆ ಮುಂಚಿನ ಕೊನೆಯ 20 ಗಜದೊಳಗಿನವು, ಶನಿವಾರ ನಡೆದಾಡುತ್ತಲೇ ಎಲ್ಲವನ್ನೂ ಮತ್ತೊಮ್ಮೆ ನೋಡುವುದು. ತಂಡದಿಂದ ತಂಡಕ್ಕೆ ತುಸು ವ್ಯತ್ಯಾಸವಿರುತ್ತದೆ. ರಜೆಯ ದಿನವೂ ವಿಡಿಯೊ ಹಚ್ಚಿ ಕೂರುವವರೇ ಕೀಕ್ಲಿಯಂಥವರು. 2013ರಲ್ಲಿ, ವೃತ್ತಿಯ ಎರಡನೇ ವರ್ಷದಲ್ಲೇ, ಅವರು ಲೀಗ್‌ನ ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿ ಪಡೆದರು.

ಪ್ರಶ್ನೆ: ನಾನು ಕಬಡ್ಡಿ ಕೋಚ್. ನಮ್ಮ ಹಿಡಿತಕ್ಕೂ ಇವರ ಟ್ಯಾಕಲ್‌ಗೂ ಏನು ವ್ಯತ್ಯಾಸ? (ಮಂಡ್ಯ)

ಉತ್ತರ: ಕಬಡ್ಡಿಯಲ್ಲಿ ಹಿಡಿದು ನಿಲ್ಲಿಸಿದರೆ ಸಾಕು, ರೇಡರ್‌ನ ಉಸಿರೂ ಸಮಯವೂ ನಿಮ್ಮ ಪರ. ಇಲ್ಲಿ ಹಿಡಿದ ಮೇಲೂ ಅವನು ಎರಡು ಗಜ ಎಳೆದುಕೊಂಡು ಹೋದರೆ ಆ ಎರಡು ಗಜ ಅವನ ಲೆಕ್ಕಕ್ಕೇ. ಹಾಗಾಗಿ ಹಿಂದಕ್ಕೆ ಕೆಡವಬೇಕು. ನೋಟ ಎದುರಾಳಿಯ ಸೊಂಟದ ಮೇಲಿರಲಿ. ಭುಜ, ತಲೆ ಮೋಸ ಮಾಡಬಹುದು, ಸೊಂಟ ಮಾಡುವುದಿಲ್ಲ. ಅವನಿಗೆ ಹತ್ತಿರವಿರುವ ಕಾಲು ಮತ್ತು ಅದೇ ಕಡೆಯ ಭುಜ ಒಟ್ಟಿಗೆ ಮುಂದೆ ಬರಬೇಕು. ಭುಜ ತಾಗಿದ ಕೂಡಲೇ ಎರಡೂ ತೋಳು ಬಿಗಿಯಬೇಕು, ಕಾಲು ತುಳಿಯುತ್ತಲೇ ಇರಬೇಕು. ತಾಗಿದ ತಕ್ಷಣ ಕಾಲು ನಿಂತುಬಿಡುವುದರಿಂದಲೇ ಹೊಸಬರ ಟ್ಯಾಕಲ್ ಕೈತಪ್ಪುತ್ತದೆ.

ತಲೆ ಪಕ್ಕಕ್ಕಿರಬೇಕು, ಗದ್ದ ಮೇಲಿರಬೇಕು, ಯಾರಿಗೆ ತಾಗುತ್ತಿದ್ದೇವೋ ಅವರು ಕಾಣುತ್ತಿರಬೇಕು. ತಲೆ ತಗ್ಗಿಸಿದರೆ ಕತ್ತಿನ ಸಹಜ ಬಾಗು ಹೋಗಿ ಬೆನ್ನೆಲುಬು ನೇರ ಕೋಲಾಗುತ್ತದೆ. ಆಗ ನೆತ್ತಿಗೆ ಬಿದ್ದ ಪೆಟ್ಟನ್ನು ಸ್ನಾಯುಗಳು ಹೀರಿಕೊಳ್ಳದೆ ಮೂಳೆಯೇ ತಡೆದುಕೊಳ್ಳಬೇಕಾಗುತ್ತದೆ. ಕತ್ತು ಮುರಿಯುವುದು, ಕೈಕಾಲು ಸ್ವಾಧೀನ ತಪ್ಪುವುದು ಹೀಗೆಯೇ. 2018ರಿಂದ ಹೆಲ್ಮೆಟ್ ತಗ್ಗಿಸಿ ಗುದ್ದುವುದು ದಂಡಾರ್ಹ. 2024ರಿಂದ, ಹಿಂದಿನಿಂದ ಹಿಡಿದು ತನ್ನ ಸೊಂಟವನ್ನು ಎದುರಾಳಿಯ ಕಾಲ ಮೇಲೆ ಬೀಳಿಸುವ ಟ್ಯಾಕಲ್‌ಗೂ ನಿಷೇಧವಿದೆ. ಎರಡೂ ಸರಿಯಾದ ನಿಯಮಗಳು.

ಪ್ರಶ್ನೆ: ಕೋಟಿ ಕೋಟಿ ಡಾಲರ್ ಒಪ್ಪಂದ ಎಂದು ಓದುತ್ತೇವೆ. ನಿಜವಾಗಿ ಕೈಗೆ ಬರುವುದೆಷ್ಟು? (ಬೆಂಗಳೂರು)

ಉತ್ತರ: ಒಪ್ಪಂದದ ದೊಡ್ಡ ಮೊತ್ತವನ್ನು ಬಿಟ್ಟು ಖಾತರಿ ಮೊತ್ತವನ್ನು ನೋಡಿ. ಕೀಕ್ಲಿ 2015ರಲ್ಲಿ ಐದು ವರ್ಷಕ್ಕೆ ಸುಮಾರು 6.2 ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡರು. ಅದರಲ್ಲಿ ಖಾತರಿ ಇದ್ದದ್ದು ಅರ್ಧಕ್ಕಿಂತ ತುಸು ಹೆಚ್ಚು. ಉಳಿದದ್ದು ತಂಡ ಇಟ್ಟುಕೊಂಡರೆ ಮಾತ್ರ. ಅವರು 2012ರ ಡ್ರಾಫ್ಟ್‌ನಲ್ಲಿ ಒಂಬತ್ತನೆಯವರಾಗಿ ಆಯ್ಕೆಯಾದವರು. ಡ್ರಾಫ್ಟ್‌ನಲ್ಲಿ ಬಂದವರ ಮೊದಲ ಒಪ್ಪಂದ ನಾಲ್ಕು ವರ್ಷದ್ದು, ಮೊತ್ತ ಆಯ್ಕೆಯ ಕ್ರಮಾಂಕದಂತೆ ಬಹುತೇಕ ಗೊತ್ತಾಗಿರುತ್ತದೆ. ಮೊದಲ ಸುತ್ತಿನವರಿಗೆ ಐದನೇ ವರ್ಷವನ್ನು ಸೇರಿಸುವ ಹಕ್ಕು ತಂಡದ್ದು.

ಕೆಳಗಿನ ತುದಿಯಲ್ಲಿ ಲೆಕ್ಕವೇ ಬೇರೆ. 2025ರಲ್ಲಿ ಹೊಸಬರ ಕನಿಷ್ಠ ಸಂಬಳ 8,40,000 ಡಾಲರ್ ಇತ್ತು, ಅದೂ ಇಡೀ ಋತು ತಂಡದ 53 ಜನರ ಪಟ್ಟಿಯಲ್ಲಿ ಉಳಿದರೆ. ಆ ಪಟ್ಟಿಯ ಹೊರಗಿನ ಅಭ್ಯಾಸ ತಂಡದಲ್ಲಿದ್ದರೆ ಅದೇ ವರ್ಷ ವಾರಕ್ಕೆ 13,000 ಡಾಲರ್, ಯಾವ ಮಂಗಳವಾರ ಬೇಕಾದರೂ ಮನೆಗೆ ಕಳಿಸಬಹುದು. ಏಜೆಂಟ್‌ಗೆ ಶೇ 3ರವರೆಗೆ, ಕೇಂದ್ರದ ತೆರಿಗೆ ಮೇಲಿನ ಹಂತದಲ್ಲಿ ಶೇ 37, ಅದರ ಮೇಲೆ ಆಡಲು ಹೋದ ಹಲವು ರಾಜ್ಯಗಳ ತೆರಿಗೆ. ಪಿಂಚಣಿಗೆ ಅರ್ಹರಾಗಲು ಮೂರು ಋತು ಬೇಕು. ಅರ್ಹರಾದವರಿಗೆ ಆಟ ಬಿಟ್ಟ ಮೇಲೂ ಐದು ವರ್ಷ ಆರೋಗ್ಯ ವಿಮೆ ಸಿಗುತ್ತದೆ. ಬಹಳ ಆಟಗಾರರು ಆ ಮೂರನೇ ಋತುವನ್ನೇ ಮುಟ್ಟುವುದಿಲ್ಲ.

ಪ್ರಶ್ನೆ: ಅಷ್ಟು ಚೆನ್ನಾಗಿ ಆಡುತ್ತಿದ್ದವರು 28ಕ್ಕೇ ಬಿಟ್ಟದ್ದೇಕೆ? (ಶಿವಮೊಗ್ಗ, ಉಡುಪಿಯಿಂದಲೂ ಇದೇ ಪ್ರಶ್ನೆ)

ಉತ್ತರ: 2020ರ ಜನವರಿ 14ರಂದು ನಿವೃತ್ತಿ ಘೋಷಿಸುವಾಗ ಅವರು ಹೇಳಿದ್ದರ ಸಾರ ಇಷ್ಟು: ಈ ಆಟವನ್ನು ವೇಗವಾಗಿ, ಗಟ್ಟಿಯಾಗಿ ಆಡಬೇಕು, ಇನ್ನು ತನ್ನಿಂದ ಅದು ಆಗುತ್ತದೋ ಇಲ್ಲವೋ ಗೊತ್ತಿಲ್ಲ. ತಲೆಪೆಟ್ಟಿನ ಹೆಸರನ್ನು ಅವರು ಎತ್ತಿ ಹೇಳಲಿಲ್ಲ. ಆದರೆ ದಾಖಲೆ ಎದುರಿಗಿದೆ. 2015ರ ಮೊದಲ ಪಂದ್ಯದಲ್ಲಿ ಕನ್ಕಷನ್, ಮೂರು ಪಂದ್ಯ ಹೋಯಿತು. 2016ರ ನವೆಂಬರ್‌ನಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ವಿರುದ್ಧ ಮತ್ತೊಂದು. ತಡೆಯಲಾಗದೆ ಅಳುತ್ತಿದ್ದ ಅವರನ್ನು ಗಾಡಿಯಲ್ಲಿ ಹೊರಗೆ ಕರೆದೊಯ್ದರು, ಆ ಋತುವಿನಲ್ಲಿ ಮತ್ತೆ ಆಡಲಿಲ್ಲ. 2017ರ ಅಕ್ಟೋಬರ್‌ನಲ್ಲಿ ಮೂರನೆಯದು.

ಕನ್ಕಷನ್ ಎಂದರೆ ತಲೆಬುರುಡೆಯೊಳಗೆ ಮಿದುಳು ಜೋರಾಗಿ ಅಲುಗಿ, ತಿರುಚಿಕೊಳ್ಳುವುದು. ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಯುತ್ತದೆ, ಈ ಅಲುಗಾಟವನ್ನು ಪೂರ್ತಿ ತಡೆಯಲಾರದು. ಪ್ರಜ್ಞೆ ತಪ್ಪಿದರೆ, ಹೆಜ್ಜೆ ತೂರಾಡಿದರೆ, ಗೊಂದಲ ಅಥವಾ ಮರೆವು ಕಂಡರೆ ಆ ದಿನ ಮತ್ತೆ ಆಡುವಂತಿಲ್ಲ. ಮರಳಲು ಐದು ಹಂತ: ವಿಶ್ರಾಂತಿಯೊಂದಿಗೆ ಹಗುರ ಚಟುವಟಿಕೆ, ಸೈಕಲ್‌ನಂಥ ವ್ಯಾಯಾಮ, ಆಟದ ಚಲನೆಗಳು, ಮೈ ತಾಗಿಸದ ಅಭ್ಯಾಸ, ಕೊನೆಗೆ ಪೂರ್ಣ ಅಭ್ಯಾಸ. ತಂಡಕ್ಕೆ ಸೇರದ ನರರೋಗ ತಜ್ಞರೂ ಒಪ್ಪಬೇಕು.

ಪದೇಪದೇ ಬೀಳುವ ಪೆಟ್ಟುಗಳಿಗೆ ತಳಕು ಹಾಕಿಕೊಂಡ ಮಿದುಳಿನ ಕಾಯಿಲೆ ಸಿಟಿಇ. ಅದನ್ನು ಖಚಿತವಾಗಿ ಪತ್ತೆ ಮಾಡುವುದು ಸಾವಿನ ನಂತರವಷ್ಟೇ ಸಾಧ್ಯ. 20 ಋತು ಆಡಿದ ಮಹಾನ್ ಲೈನ್‌ಬ್ಯಾಕರ್ ಜೂನಿಯರ್ ಸಿಯೌ 2012ರಲ್ಲಿ ತೀರಿಕೊಂಡ ಮೇಲೆ ಅವರ ಮಿದುಳಿನಲ್ಲಿ ಅದು ಕಂಡುಬಂತು. ಇನ್ನೊಂದು ಕಡೆ ಲಂಡನ್ ಫ್ಲೆಚರ್ ಇದ್ದಾರೆ: ಡ್ರಾಫ್ಟ್‌ನಲ್ಲಿ ಯಾರೂ ಆರಿಸದ, ಆರಡಿಗೂ ಎತ್ತರವಿಲ್ಲದ ಆಟಗಾರ, 1998ರಿಂದ 2013ರವರೆಗೆ ಒಂದೂ ಪಂದ್ಯ ತಪ್ಪಿಸದೆ 256 ಪಂದ್ಯ ಆಡಿದರು. ಕೀಕ್ಲಿಯ ಜೊತೆಗಾರ ಥಾಮಸ್ ಡೇವಿಸ್ ಒಂದೇ ಮೊಣಕಾಲಿನ ಅಸ್ಥಿರಜ್ಜು ಮೂರು ಸಲ ಹರಿದರೂ ಮರಳಿದರು. 2016ರ ಫೆಬ್ರುವರಿಯ ಸೂಪರ್ ಬೌಲ್ (ಲೀಗ್‌ನ ಫೈನಲ್) ಅನ್ನು ಮುರಿದ ಕೈಗೆ ಲೋಹದ ಪಟ್ಟಿ ಹಾಕಿಸಿಕೊಂಡು ಆಡಿದರು. ಮೊಣಕಾಲಿಗೆ, ಕೈಗೆ ಶಸ್ತ್ರಚಿಕಿತ್ಸೆ ಇದೆ. ಮಿದುಳಿಗೆ ಅಂಥ ದುರಸ್ತಿ ಇಲ್ಲ. ಅದಕ್ಕೇ ಕೀಕ್ಲಿಯ ತೀರ್ಮಾನವನ್ನು ನಾವು ಪೂರ್ಣ ಮನಸ್ಸಿನಿಂದ ಗೌರವಿಸುತ್ತೇವೆ. ಆ ಕೊನೆಯ ಋತುವಿನಲ್ಲೂ ಅವರು ಲೀಗ್‌ನ ತಾರಾ ಪಂದ್ಯವಾದ ಪ್ರೊ ಬೌಲ್‌ಗೆ ಆಯ್ಕೆಯಾಗಿದ್ದರು, ಅದು ಏಳನೇ ಸಲ.

ಪ್ರಶ್ನೆ: ಭಾರತೀಯ ಮೂಲದ ಲೈನ್‌ಬ್ಯಾಕರ್ ಯಾರಾದರೂ ಇದ್ದಾರೆಯೇ? (ಹುಬ್ಬಳ್ಳಿ)

ಉತ್ತರ: ಬ್ರ್ಯಾಂಡನ್ ಚಿಲ್ಲರ್. ತಂದೆಯ ಕಡೆಯಿಂದ ಭಾರತೀಯ ಮೂಲ. 2004ರ ನಾಲ್ಕನೇ ಸುತ್ತಿನಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್‌ಗೆ ಆಯ್ಕೆಯಾಗಿ, 2008ರಿಂದ ಗ್ರೀನ್ ಬೇ ಪ್ಯಾಕರ್ಸ್‌ಗೆ ಆಡಿದರು. ಪ್ಯಾಕರ್ಸ್ ಸೂಪರ್ ಬೌಲ್ ಗೆದ್ದ 2010ರ ಋತುವಿನ ಕೊನೆಯಲ್ಲಿ ಗಾಯಾಳುಗಳ ಪಟ್ಟಿಯಲ್ಲಿದ್ದರು.

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇವೆ. ಎಂಟನೇ ತರಗತಿಯ ಮಗ ಲೈನ್‌ಬ್ಯಾಕರ್ ಆಗುತ್ತೇನೆ ಎಂದು ಹಟ ಹಿಡಿದಿದ್ದಾನೆ. ನಮ್ಮ ಮನೆಯಲ್ಲಿ ಯಾರಿಗೂ ಈ ಆಟ ಗೊತ್ತಿಲ್ಲ.

ಉತ್ತರ: ಆಡಲಿ, ಆದರೆ ಲೆಕ್ಕ ತಿಳಿದು ಆಡಲಿ. ಕಾಲೇಜಿನಲ್ಲಿ ಆಡಿ ಡ್ರಾಫ್ಟ್‌ಗೆ ಅರ್ಹರಾಗುವವರಲ್ಲೂ ಎನ್‌ಎಫ್‌ಎಲ್ ಮುಟ್ಟುವವರು ನೂರಕ್ಕೆ ಇಬ್ಬರೂ ಇಲ್ಲ. ಹೈಸ್ಕೂಲ್ ಮುಗಿದು ಮೂರು ವರ್ಷವಾಗುವವರೆಗೆ ಡ್ರಾಫ್ಟ್‌ಗೆ ಅರ್ಹತೆಯೂ ಇಲ್ಲ. ದೊಡ್ಡ ಕಾಲೇಜು ತಂಡ ಸೇರಲು ಹೈಸ್ಕೂಲಿನಲ್ಲಿ 16 ಮುಖ್ಯ ವಿಷಯಗಳು ಮುಗಿದಿರಬೇಕು, ಅವುಗಳಲ್ಲಿ ಕನಿಷ್ಠ 2.3 ಜಿಪಿಎ (ಸರಾಸರಿ ಶ್ರೇಣಿ ಅಂಕ) ಇರಬೇಕು. ಒಂಬತ್ತನೇ ತರಗತಿಯಿಂದಲೇ ಈ ಎಣಿಕೆ ಶುರು, ಹಾಗಾಗಿ ಶಾಲೆಯ ಕೌನ್ಸೆಲರ್ ಜೊತೆ ಈ ವರ್ಷವೇ ಮಾತಾಡಿ.

ಟ್ಯಾಕಲ್‌ಗೆ ಮುಂಚೆ ಫ್ಲ್ಯಾಗ್ ಫುಟ್‌ಬಾಲ್ ಆಡಿಸಿ. ಸೊಂಟದ ಪಟ್ಟಿ ಕಿತ್ತರೆ ಅಲ್ಲಿ ಆಟ ನಿಲ್ಲುತ್ತದೆ, ಗುದ್ದಾಟವಿಲ್ಲ. ಓದುವುದು, ಹೆಜ್ಜೆ, ಸೊಂಟದ ಮೇಲೆ ನೋಟ, ಇವೆಲ್ಲ ಅಲ್ಲೇ ಬರುತ್ತವೆ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೂ ಅದು ಸೇರಿದೆ. ತಂಡ ಸೇರಿಸುವ ಮುಂಚೆ ಕೋಚ್‌ರನ್ನು ಕೇಳಿ: ವಾರದಲ್ಲಿ ಎಷ್ಟು ಹೊತ್ತು ಪೂರ್ಣ ಮೈತಾಗುವ ಅಭ್ಯಾಸ? ಮೈದಾನದಲ್ಲಿ ಗಾಯ ನೋಡಿಕೊಳ್ಳುವ ಅಥ್ಲೆಟಿಕ್ ಟ್ರೇನರ್ ಇರುತ್ತಾರೆಯೇ? ಹೆಲ್ಮೆಟ್ ಅಳತೆ ಯಾರು ನೋಡುತ್ತಾರೆ? ಹೆಲ್ಮೆಟ್ ಹಿಡಿದು ಅಲುಗಿಸಿದಾಗ ಹಣೆಯ ಚರ್ಮವೂ ಜೊತೆಗೆ ಸರಿಯಬೇಕು. ಹೆಲ್ಮೆಟ್ ಮಾತ್ರ ಜಾರಿದರೆ ಅದು ಸಡಿಲ.

ತಲೆಗೆ ಪೆಟ್ಟಾದ ಅನುಮಾನ ಬಂದರೂ ಅಂದು ಆಟ ಮುಗಿಯಿತು. ಹಾಗೆ ಹೊರಗಿಡುವ ಕಾನೂನು 50 ರಾಜ್ಯಗಳಲ್ಲೂ ಇದೆ. ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಾಣುವುದು, ತೊದಲು, ಕೈಕಾಲು ಜೋಮು, ಇವುಗಳಲ್ಲಿ ಒಂದು ಕಂಡರೂ ಬೆಳಗಿನವರೆಗೆ ಕಾಯದೆ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ.